ಇಳಿಯುವ ದಾರಿ

ಬೆಟ್ಟ ಹತ್ತುವುದರ ಬಗೆಗೆ ಲೋಕದಲ್ಲಿ ಮಾತು ಬಹಳ. ಇಳಿಯುವುದರ ಬಗೆಗೆ ಕಡಮೆ. ಚಾಮುಂಡಿ ಬೆಟ್ಟವನ್ನು ಸೈಕಲ್ಲಿನ ಮೇಲೆ ಹತ್ತಿ ಬಂದೆನೆಂದು ಹೇಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. “ಈ ವಯಸ್ಸಿನಲ್ಲಿಯೆ?” ಎಂದು ಮರುಗುವ ಹಿತೈಷಿಗಳೂ ಉಂಟು. ಹೇಗೆ ಇಳಿದಿರಿ ಎಂದು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ಹತ್ತಿದವನು ಇಳಿಯಲೇಬೇಕು, ಅದರಲ್ಲಿ ಹೇಳುವಂಥದೇನಿದೆ ಎಂಬುದು ಅವರ ಭಾವನೆಯಿರಬೇಕು. ಆದರೆ ನಾನೂ ನನ್ನ ಜೊತೆಯವರೂ ಎರಡು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಹತ್ತುವ ವಿಷಯಕ್ಕಲ್ಲ. ಹತ್ತುವ ದಾರಿ ಮೊದಲ ತಿಂಗಳಲ್ಲಿಯೇ ಗೊತ್ತಾಯಿತು. ಮುಗಿಸುವ ದಾರಿ ಯಾವುದೆಂಬುದು ತಿಳಿಯುವುದಕ್ಕೆ ಇಷ್ಟು ಕಾಲ ಹಿಡಿಯಿತು. ನಡುವೆ ಒಂದು ತಪ್ಪೂ ನಡೆದುಹೋಯಿತು.

ಜೊತೆಯವರೆಂದರೆ ದೊಡ್ಡ ಸಂಘವೇನೂ ಅಲ್ಲ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಿತ್ರರೊಬ್ಬರು, ಎರಡನೆಯ ವರ್ಷದ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ, ನಾನು. ಭಾನುವಾರದ ಬೆಳಗ್ಗೆ ಇನ್ನೂ ಇಬ್ಬರು ಮೂವರು ಸೇರುವುದುಂಟು, ಪರೀಕ್ಷೆ ಹತ್ತಿರವಾದಾಗ ಚದರುವುದೂ ಉಂಟು. ನಮ್ಮ ವಾಹನ ಇಂದಿನವರು ಮೌಂಟನ್ ಬೈಕು ಎನ್ನುವ ಬೆಟ್ಟದ ಸೈಕಲ್ಲು. ದಪ್ಪ ಟೈರು, ಅಗಲವಾದ ಹಿಡಿಕೆ, ಏರಿನಲ್ಲಿ ಕಾಲಿಗೆ ಕರುಣೆ ತೋರುವ ಗೇರುಗಳು. ಕಲ್ಲು ಮಣ್ಣುಗಳ ದಾರಿಯಲ್ಲಿ ಹೋಗುವುದಕ್ಕೆಂದೇ ಹುಟ್ಟಿದ ಯಂತ್ರ ಇದು.

ಇದರ ಹುಟ್ಟಿನ ಕಥೆಯಲ್ಲಿಯೂ ಇಳಿಯುವುದೇ ಮುಖ್ಯವಾಗಿತ್ತೆಂಬುದು ನನಗೆ ತಡವಾಗಿ ತಿಳಿದ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬುದೊಂದು ಜಿಲ್ಲೆ. ಅಲ್ಲಿನ ಕೆಲವರು ತರುಣರು ೧೯೩೦-೪೦ರ ಕಾಲದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಅಲ್ಲಿಂದ ಮಣ್ಣಿನ ದಾರಿಯಲ್ಲಿ ಧುಮುಕಿಸುತ್ತಿದ್ದರು. ೧೯೭೬ರಲ್ಲಿ ಅದು ಕ್ರಮವಾದ ಪಂದ್ಯವಾಯಿತು. ಎರಡು ಮೈಲಿಯಷ್ಟು ದೂರ, ಸಾವಿರದ ಮುನ್ನೂರು ಅಡಿಯ ಇಳಿತ; ಗ್ಯಾರಿ ಫಿಶರ್ ಎಂಬಾತ ಅದನ್ನು ೪ ನಿಮಿಷ ೨೨ ಸೆಕೆಂಡುಗಳಲ್ಲಿ ಮುಗಿಸಿದ್ದು ದಾಖಲೆಯಾಗಿ ಉಳಿದಿದೆ. ಆ ಸೈಕಲ್ಲುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಚಕ್ರದ ಗುಂಭದೊಳಗೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಗುಂಭ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹಾರಿಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹಾಗೆ ಮತ್ತೆ ತುಂಬುವ ಕೆಲಸಕ್ಕೆ ಅವರ ಭಾಷೆಯಲ್ಲಿ ‘ರಿಪ್ಯಾಕ್’ ಎಂದು ಹೆಸರು. ದಾರಿಗೂ ಅದೇ ಹೆಸರು ನಿಂತಿತು. ಏರಿದ ಶ್ರಮದಿಂದಲ್ಲ, ಇಳಿದ ಮೇಲೆ ಮಾಡಬೇಕಾದ ರಿಪೇರಿಯಿಂದ ಹೆಸರು ಪಡೆದ ಮಾರ್ಗ ಅದು.

ನಮ್ಮ ಮಾರ್ಗಕ್ಕೆ ಅಂಥ ಖ್ಯಾತಿಯಿಲ್ಲ. ಬೆಳಗಿನ ಆರರ ಹೊತ್ತಿಗೆ ಮೈಸೂರಿನ ಊರೊಳಗಿನಿಂದ ಹೊರಟು, ೧೯೨೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸತೊಡಗಿದ ಲಲಿತಮಹಲಿನ ಬಿಳಿಯ ಗುಮ್ಮಟವನ್ನು ಬಲಗಡೆ ಬಿಟ್ಟೋ ಎಡಗಡೆ ಬಿಟ್ಟೋ ಮುಂದೆ ಸಾಗುತ್ತೇವೆ. ಲಲಿತಾದ್ರಿಪುರದ ಕಡೆ ಬಡಾವಣೆಗಳು ಇನ್ನೂ ಪೂರ್ತಿಯಾಗಿ ನುಂಗದ ಮಣ್ಣಿನ ದಾರಿಗಳಿವೆ. ಅವುಗಳಲ್ಲಿ ಸುತ್ತಾಡಿ, ಆಮೇಲೆ ಬೆಟ್ಟದ ರಸ್ತೆ ಹಿಡಿಯುತ್ತೇವೆ. ಊರಿನ ಮಟ್ಟದಿಂದ ಬೆಟ್ಟದ ತುದಿ ಸುಮಾರು ೩೦೦ ಮೀಟರು ಎತ್ತರ. ತಿರುವು ತಿರುವಿಗೂ ಉಸಿರು ಎಣಿಸುತ್ತ ಮೇಲೆ ಸೇರಿ, ಒಂದು ಕೈಯಲ್ಲಿ ಕತ್ತಿಯನ್ನೂ ಇನ್ನೊಂದರಲ್ಲಿ ಹಾವನ್ನೂ ಹಿಡಿದು ನಿಂತ ಮಹಿಷಾಸುರನ ಎದುರು ಸೈಕಲ್ಲು ನಿಲ್ಲಿಸಿದಾಗ ಆಗುವ ಸಂತೋಷವನ್ನು ನಾನು ಬಣ್ಣಿಸುವುದಿಲ್ಲ. ವಾಯುವ್ಯದಲ್ಲಿ ಕನ್ನಂಬಾಡಿಯ ನೀರು ಹೊಳೆಯುತ್ತದೆ, ಕೆಳಗೆ ಅರಮನೆ ಆಟದ ಸಾಮಾನಿನಂತೆ ಕಾಣುತ್ತದೆ. ಅಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನೆ ಕೆಳಗಿದೆ.

ಮೊದಮೊದಲು ನಾವು ಹತ್ತಿದ ರಸ್ತೆಯಲ್ಲಿಯೇ ಇಳಿಯುತ್ತಿದ್ದೆವು. ಅದು ಓದಿದ ಪುಟವನ್ನೇ ಮತ್ತೆ ಓದಿದಂತೆ. ಓದುವುದಕ್ಕೂ ಬಿಡುವಿರಲಿಲ್ಲ, ಎಂಟು ಗಂಟೆಯ ಮೇಲೆ ಬಸ್ಸುಗಳೂ ಕಾರುಗಳೂ ದರ್ಶನಕ್ಕೆಂದು ಏರತೊಡಗುತ್ತವೆ, ತಿರುವಿನಲ್ಲಿ ಎದುರು ಬಂದವರ ಮುಖ ನೋಡುವಷ್ಟು ಜಾಗವಿರುವುದಿಲ್ಲ. ಬ್ರೇಕು ಹಿಡಿದೇ ಇಳಿಯಬೇಕು. ಒಂದು ದಿನ ಕೆಳಗೆ ಬಂದು ನಿಂತಾಗ ವಿದ್ಯಾರ್ಥಿ ತನ್ನ ಬ್ರೇಕಿನ ತಟ್ಟೆಯ ಮೇಲೆ ನೀರು ಚಿಮುಕಿಸಿದ. ದೋಸೆಯ ಕಾವಲಿಯಂತೆ ಅದು ಚುಂಯ್ ಎಂದಿತು. ಭೌತಶಾಸ್ತ್ರದ ಮಿತ್ರರು ಅಲ್ಲಿಯೇ ಲೆಕ್ಕ ಒಪ್ಪಿಸಿದರು. ಮನುಷ್ಯನೂ ಸೈಕಲ್ಲೂ ಸೇರಿ ೮೫ ಕಿಲೋಗ್ರಾಮು ಎಂದಿಟ್ಟುಕೊಂಡರೆ, ೩೦೦ ಮೀಟರು ಇಳಿದಾಗ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲಕ್ಷ ಜೌಲು. ಮುಕ್ಕಾಲು ಲೀಟರಿಗೂ ಮಿಕ್ಕ ನೀರನ್ನು ಕುದಿಯುವ ಮಟ್ಟಕ್ಕೆ ತರುವುದಕ್ಕೆ ಅದು ಸಾಕು. ಅದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ನಿಧಾನವಾಗಿ ಇಳಿದಷ್ಟೂ ಹೆಚ್ಚಿನದನ್ನು ಬ್ರೇಕೇ ನುಂಗಬೇಕು. “ಹತ್ತುವಾಗ ನೀವು ಸಾಲ ಮಾಡುತ್ತೀರಿ, ಇಳಿಯುವಾಗ ತೀರಿಸುತ್ತೀರಿ” ಎಂದರು. “ಸಾಲ ಕೊಟ್ಟವರು ಯಾರು?” ಎಂದು ನಾನು ಕೇಳಿದೆ. ಅದು ತಮ್ಮ ಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಲ್ಲವೆಂದರು.

ಎರಡನೆಯದಾಗಿ ನಮ್ಮ ಕಣ್ಣು ಕಾಡಿನ ಕಾಲುದಾರಿಗಳ ಮೇಲೆ ಬಿತ್ತು. ಬೆಟ್ಟದ ಸೈಕಲ್ಲು ಇದ್ದಮೇಲೆ ಡಾಂಬರಿನ ಹಂಗೇಕೆ? ಬೆಟ್ಟದ ಮೈಮೇಲೆ ದನ ಕಾಯುವವರು, ಸೌದೆ ಆಯುವವರು ತುಳಿದು ಮಾಡಿದ ಎಳೆದಾರಿಗಳು ನಮ್ಮನ್ನು ಕರೆಯುತ್ತಿದ್ದವು. ಒಂದು ಬೆಳಗ್ಗೆ ಹಾಗೆ ಇಳಿಯಲು ಹೊರಟಾಗ ಕಾವಲುಗಾರನೊಬ್ಬ ತಡೆದು ನಿಲ್ಲಿಸಿದ. ಇದು ಮೀಸಲು ಅರಣ್ಯ, ಚಿರತೆಗಳಿವೆ, ಕೇಳದೆ ಕಾಲಿಡುವಂತಿಲ್ಲ ಎಂದ. ಚಿರತೆಯ ಮಾತಿಗೆ ನಮ್ಮ ಹುಡುಗ ನಕ್ಕುಬಿಟ್ಟ. ಆಗ ಅವನು ಹೇಳಿದ ಇನ್ನೊಂದು ಮಾತಿಗೆ ನಗು ನಿಂತಿತು. “ಚಿರತೆ ನಿಮ್ಮನ್ನ ಏನೂ ಮಾಡಕಿಲ್ಲ ಸ್ವಾಮಿ. ನಿಮ್ಮ ಚಕ್ರ ಗೀಚಿದ ಗೆರೇಲಿ ಮಳೆ ನೀರು ಹಿಡಕೊಂಡು ಇಳೀತದೆ, ಅದು ಮಾಡ್ತದೆ.” ಬೆಟ್ಟ ಎಷ್ಟು ಸಡಿಲವಾಗಿದೆಯೆಂಬುದನ್ನು ಮೈಸೂರಿನವರಿಗೆ ವಿವರಿಸಬೇಕಾಗಿಲ್ಲ. ೨೦೨೧ರ ಅಕ್ಟೋಬರಿನ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿದು ಜಾರಿದ್ದನ್ನು ಊರೆಲ್ಲ ಹೋಗಿ ನೋಡಿತ್ತು. ಹುಲ್ಲಿನ ಬೇರು ಹಿಡಿದಿಟ್ಟಿರುವ ಮಣ್ಣನ್ನು ಟೈರಿನ ಹಲ್ಲು ಕೆರೆದು ಬಿಡಿಸುತ್ತದೆ. ಇಳಿಜಾರಿಗೆ ನೇರವಾಗಿ ಬಿದ್ದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಓದಿ ತಿಳಿಯಬೇಕಾದ ಈ ಪಾಠವನ್ನು ಕಾವಲುಗಾರನ ಬಾಯಿಂದ ಕೇಳಿ ಹಿಂದಿರುಗಿದೆವು.

ಉಳಿದದ್ದು ಮೆಟ್ಟಿಲು.

ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಎಂದರೆ ಹದಿನೇಳನೆಯ ಶತಮಾನದಲ್ಲಿ, ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದರೆಂಬುದು ಪ್ರಸಿದ್ಧವಾದ ವಿಷಯ. ನಡುದಾರಿಯಲ್ಲಿ ಕುಳಿತ ಏಕಶಿಲೆಯ ನಂದಿಯೂ ಆ ಅರಸರ ಕಾಲದ್ದೇ. ಮೋಟಾರು ರಸ್ತೆ ಬರುವುದಕ್ಕೆ ಎಷ್ಟೋ ಹಿಂದಿನ ದಾರಿ ಇದು. ಇಂದಿಗೂ ಹರಕೆ ಹೊತ್ತವರು ಪಾದದ ಬಳಿ ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತುತ್ತಾರೆ. ಮೆಟ್ಟಿಲ ಮೇಲೆ ಸೈಕಲ್ಲು ಇಳಿಸುವುದು ಬೆಟ್ಟದ ಸೈಕಲ್ಲಿನವರಿಗೆ ಒಂದು ವಿದ್ಯೆ. ಮೈಯನ್ನು ಹಿಂದಕ್ಕೆ ಚಾಚಬೇಕು, ಮೊಣಕೈ ಮೊಣಕಾಲು ಸಡಿಲವಿರಬೇಕು, ಮುಂದಿನ ಬ್ರೇಕನ್ನು ಬೆರಳ ತುದಿಯಲ್ಲಿ ಮಾತ್ರ ತಡವಬೇಕು. ವಿದ್ಯಾರ್ಥಿ ಅದನ್ನು ಯಾವುದೋ ಕಟ್ಟಡದ ಮೆಟ್ಟಿಲುಗಳ ಮೇಲೆ ಅಭ್ಯಾಸ ಮಾಡಿದ್ದ. ಅವನ ಮೊಬೈಲ್ ಫೋನು ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಹೊತ್ತನ್ನು ಸೆಕೆಂಡು ಬಿಡದೆ ಎಣಿಸುತ್ತಿತ್ತು. ಮೆಟ್ಟಿಲ ಮೇಲೆ ಇಳಿದರೆ ಹತ್ತು ನಿಮಿಷ ಉಳಿಯುತ್ತದೆ ಎಂದ. ಭೌತಶಾಸ್ತ್ರದ ಮಿತ್ರರು ಬೇಡವೆಂದು ರಸ್ತೆ ಹಿಡಿದರು. ನಾನು ಬೇಡವೆನ್ನಲಿಲ್ಲ. ಬೇಡವೆನ್ನದಿದ್ದುದಷ್ಟೇ ಅಲ್ಲ, ನಂದಿಯ ಕೆಳಗಣ ಭಾಗದಲ್ಲಿ ಅವನ ಹಿಂದೆ ನಾನೂ ಇಳಿದೆ. ನಲವತ್ತೈದು ವರ್ಷದ ಮನುಷ್ಯನಿಗೆ ಇಪ್ಪತ್ತರ ಹುಡುಗನ ಬೆನ್ನು ಕಂಡರೆ ಹೀಗಾಗುವುದುಂಟು.

ಕಾರ್ತಿಕದ ಭಾನುವಾರ, ಇಬ್ಬನಿ ಆರಿರಲಿಲ್ಲ. ಮೆಟ್ಟಿಲು ಸ್ವಲ್ಪ ತಿರುಗುವಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಗಿಕೊಂಡು ಹತ್ತುತ್ತಿದ್ದರು. ಒಂದು ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುವುದು, ಏನೋ ಅಂದುಕೊಳ್ಳುವುದು, ಮುಂದಿನ ಮೆಟ್ಟಿಲಿಗೆ ಬಾಗುವುದು. ಅವರು ತಲೆ ಎತ್ತಲಿಲ್ಲ. ಹುಡುಗ ಕಂಡೊಡನೆ ಬ್ರೇಕು ಅದುಮಿದ. ಅದುಮಬಾರದ ರೀತಿಯಲ್ಲಿ ಅದುಮಿದ. ಮುಂದಿನ ಚಕ್ರ ಕಲ್ಲಿನ ಅಂಚಿಗೆ ಸಿಕ್ಕಿ ಅವನು ಪಕ್ಕಕ್ಕೆ ಬಿದ್ದ. ಸೈಕಲ್ಲು ನಾಲ್ಕು ಮೆಟ್ಟಿಲು ಜಾರಿ ಆಕೆಯ ಸೆರಗಿನ ಹತ್ತಿರ ನಿಂತಿತು. ದೇವರ ದಯೆ, ಅವರಿಗೆ ತಗಲಲಿಲ್ಲ. ಕೈಯಲ್ಲಿದ್ದ ತಟ್ಟೆ ಮಾತ್ರ ಕೆಳಗೆ ಬಿದ್ದು ಉರುಳಿತು. ಅರಿಸಿನವೂ ಕುಂಕುಮವೂ ಒದ್ದೆ ಕಲ್ಲಿನ ಮೇಲೆ ಕಲಸಿಹೋದವು.

“ಏಟಾಯ್ತೇನಪ್ಪ?” ಎಂದರು ಆಕೆ, ಮೊಣಕೈ ತರಚಿಕೊಂಡ ಹುಡುಗನನ್ನು ನೋಡಿ. ಬೈಯಲಿಲ್ಲ. ಆಮೇಲೆ ಚೆಲ್ಲಿದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಹುಡುಗ ಕೆಳಗೆ ಓಡಿಹೋಗಿ ಪಾದದ ಬಳಿಯ ಅಂಗಡಿಯಿಂದ ಹೊಸ ಪೊಟ್ಟಣಗಳನ್ನು ತರುತ್ತೇನೆಂದ. ಆಕೆ ತಲೆಯಾಡಿಸಿದರು. “ಎಣಿಸಿಕೊಂಡು ಬರ್ತಿದ್ದೆ, ಲೆಕ್ಕ ತಪ್ಪಿಹೋಯ್ತು. ಮಧ್ಯದಿಂದ ಹಿಡಿದರೆ ಹರಕೆ ಆಗೋದಿಲ್ಲ. ಮತ್ತೆ ಕೆಳಗಿನಿಂದ ಬರೋಕೆ ಇವತ್ತು ಮಂಡಿ ಕೇಳೋದಿಲ್ಲ. ಇನ್ನೊಂದು ದಿನ ಬರ್ತೀನಿ ಬಿಡು.” ನಾವಿಬ್ಬರೂ ಸೈಕಲ್ಲುಗಳನ್ನು ಹೆಗಲ ಮೇಲಿಟ್ಟುಕೊಂಡು ಆಕೆಯ ಹಿಂದೆ ಒಂದೊಂದೇ ಮೆಟ್ಟಿಲು ಇಳಿದೆವು. ಕೆಳಗೆ ಆಟೋ ಹತ್ತುವಾಗ ಹುಡುಗನ ಕೈಗೆ ಖಾಲಿ ತಟ್ಟೆ ಒರೆಸಿಕೊಡಲು ಕೊಟ್ಟರು, ಒರೆಸಿಕೊಟ್ಟ. ಯಾರಿಗಾಗಿ ಹೊತ್ತ ಹರಕೆಯೆಂದು ನಾವು ಕೇಳಲಿಲ್ಲ. ಕೇಳುವ ಮುಖ ನಮಗಿರಲಿಲ್ಲ.

ಮುಂದೆ ಒಂದು ತಿಂಗಳು ಬೆಟ್ಟದ ಕಡೆ ಹೋಗಲಿಲ್ಲ. ನಮ್ಮ ಪ್ರಯಾಣವನ್ನು ಚೆನ್ನಾಗಿ ಮುಗಿಸುವ ಆತುರದಲ್ಲಿ ಇನ್ನೊಬ್ಬರ ಪ್ರಯಾಣವನ್ನು ನಡುವೆಯೇ ಮುರಿದಿದ್ದೆವು. ಅವರಿಗಾದರೆ ಮೇಲೆ ಸೇರುವುದೇ ಮುಕ್ತಾಯ. ನಮಗೆ ಅದು ಹತ್ತು ನಿಮಿಷದ ಉಳಿತಾಯ. ಒಂದು ಬೆಳಗ್ಗೆ ನಾನೊಬ್ಬನೇ ಕಾಲ್ನಡಿಗೆಯಲ್ಲಿ ಮೆಟ್ಟಿಲು ಹತ್ತಿ ಆ ಜಾಗ ಎಲ್ಲಿಯೆಂದು ಹುಡುಕಿದೆ. ತಿರುವು ಗುರುತು ಹತ್ತಿತು, ಮೆಟ್ಟಿಲು ಹತ್ತಲಿಲ್ಲ. ಯಾರು ಯಾರೋ ಹಚ್ಚಿದ ಕುಂಕುಮ ಎಲ್ಲ ಮೆಟ್ಟಿಲುಗಳ ಮೇಲೆಯೂ ಇತ್ತು.

ಮತ್ತೆ ಹೊರಟಾಗ ಮೊದಲು ಮಾಡಿದ ತಿದ್ದುಪಡಿ ಗಡಿಯಾರದ್ದು, ಮಾಡಿದವನು ವಿದ್ಯಾರ್ಥಿಯೇ. ಫೋನಿನ ಎಣಿಕೆಯನ್ನು ಮನೆಯವರೆಗೆ ಓಡಿಸದೆ ಮಹಿಷಾಸುರನ ಎದುರಿಗೇ ನಿಲ್ಲಿಸುವುದೆಂದು ಗೊತ್ತುಮಾಡಿದ. ಹತ್ತುವಾಗ ಎಷ್ಟು ಬೇಕಾದರೂ ಪೈಪೋಟಿ ಮಾಡಲಿ, ಏರಿನಲ್ಲಿ ವೇಗವಾಗಿ ಹೋಗಿ ಯಾರಿಗೂ ಅಪಾಯ ಮಾಡುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಇಳಿಯುವಾಗ ಹೊತ್ತಿನ ಲೆಕ್ಕವಿಲ್ಲ. ಚಿಕ್ಕ ಮಾತಿನಂತೆ ಕಂಡರೂ ಇದರಿಂದ ಇಡೀ ಇಳಿತದ ಸ್ವಭಾವವೇ ಬದಲಾಯಿತು. ನಡುವೆ ಎರಡು ಕಡೆ ನಿಂತು ಬ್ರೇಕು ಆರಲು ಬಿಡುವುದಕ್ಕೆ ಈಗ ಯಾರಿಗೂ ಮನಸ್ಸು ಹಿಂಜರಿಯುವುದಿಲ್ಲ. ತಟ್ಟೆ ಚುಂಯ್ ಎನ್ನುವುದೂ ನಿಂತಿದೆ.

ಎರಡನೆಯದು ದಾರಿ. ಬೆಟ್ಟದಿಂದ ತೆಂಕಣಕ್ಕೆ ಉತ್ತನಹಳ್ಳಿಯ ಕಡೆ ಇಳಿಯುವ ರಸ್ತೆಯೊಂದಿದೆ. ಇಷ್ಟು ದಿನ ನಾವು ಅದನ್ನು ಲೆಕ್ಕಕ್ಕೆ ತಂದಿರಲಿಲ್ಲ, ಏಕೆಂದರೆ ಅದು ಮನೆಗೆ ಬೆನ್ನು ಮಾಡಿದ ದಾರಿ. ಮನೆ ಉತ್ತರಕ್ಕಿದ್ದರೆ ಇದು ದಕ್ಷಿಣಕ್ಕೆ ಇಳಿಸುತ್ತದೆ. ಗಡಿಯಾರ ನಿಂತಮೇಲೆ ಆ ಆಕ್ಷೇಪಣೆಗೆ ಬಲವಿಲ್ಲದಾಯಿತು. ಬೆಳಗಿನ ಹೊತ್ತಿನಲ್ಲಿ ಅತ್ತ ಕಡೆ ವಾಹನಗಳ ಗಲಭೆ ಕಡಮೆ. ನಂಜನಗೂಡಿನ ದಿಕ್ಕಿನ ಬಯಲು ತೆರೆದುಕೊಳ್ಳುತ್ತ ಹೋಗುತ್ತದೆ. ಕೆಳಗೆ ವರ್ತುಲ ರಸ್ತೆಯ ಲಾರಿಗಳನ್ನು ದಾಟುವಾಗ ಎಲ್ಲರೂ ಇಳಿದು ಸೈಕಲ್ಲು ತಳ್ಳಿಕೊಂಡೇ ದಾಟಬೇಕೆಂಬುದು ಕಟ್ಟಳೆ. ಆಮೇಲೆ ಉತ್ತನಹಳ್ಳಿಯ ಗುಡಿ.

ಮೊದಲ ಸಲ ಆ ಗುಡಿಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ನನಗೆ ಆಶ್ಚರ್ಯವಾಯಿತು. ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ ಕಥೆಯ ನೆಲ ಇದು. ಸೈಕಲ್ಲಿನ ಚಕ್ರ ಕರೆತರುವವರೆಗೆ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಗುಡಿಯಲ್ಲಿರುವವಳು ಜ್ವಾಲಾಮುಖಿ ತ್ರಿಪುರಸುಂದರಿ; ಜನಪದರಿಗೆ ಆಕೆ ಉರಿಮಾರಿ, ಚಾಮುಂಡಿಯ ತಂಗಿ. ಸಂಸ್ಕೃತದ ಜ್ವಾಲೆಯೂ ಕನ್ನಡದ ಉರಿಯೂ ಒಂದೇ ಗುಡಿಯಲ್ಲಿ ಬೆಳಗುತ್ತಿವೆ. ಮೈಸೂರು ಸೀಮೆಯ ಹಾಡುಗಾರರು ಹೇಳುವ ಕಥೆಯಲ್ಲಿ ಚಾಮುಂಡಿ ಮಹಿಷನನ್ನು ಕೊಲ್ಲುತ್ತಾಳೆ, ಆದರೆ ಕೊಂದು ಮುಗಿಸಲಾರಳು. ಅವನ ರಕ್ತದ ಒಂದೊಂದು ತೊಟ್ಟು ನೆಲಕ್ಕೆ ಬಿದ್ದಂತೆಲ್ಲ ಒಬ್ಬೊಬ್ಬ ರಕ್ಕಸ ಏಳುತ್ತಾನೆ. ತಾಯಿ ದಣಿದು ಬೆವರುತ್ತಾಳೆ. ಆ ಬೆವರಿನಿಂದ ತಂಗಿ ಹುಟ್ಟಿ, ರಣಭೂಮಿಯ ಮೇಲೆ ನಾಲಗೆ ಹಾಸಿ, ತೊಟ್ಟೂ ನೆಲಕ್ಕೆ ಬೀಳದಂತೆ ಹಿಡಿಯುತ್ತಾಳೆ. ಆಗ ಕಾಳಗ ಮುಗಿಯುತ್ತದೆ. ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯೆಯಲ್ಲಿ ಈ ಪ್ರಸಂಗ ರಕ್ತಬೀಜನದು, ರಕ್ತವನ್ನು ಹೀರುವವಳು ಕಾಳಿ. ನಮ್ಮ ಜನ ಅದನ್ನು ತಮ್ಮ ಬೆಟ್ಟಕ್ಕೆ ತಂದು, ಕಾಳಿಯ ಕೆಲಸವನ್ನು ಬೆಟ್ಟದ ಕೆಳಗಿನ ತಂಗಿಗೆ ಒಪ್ಪಿಸಿದರು. ಬೆಟ್ಟದ ಮೇಲೆ ಆರಂಭವಾದುದು ಬೆಟ್ಟದ ಮೇಲೆಯೇ ಮುಗಿಯುವುದಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು.

ಇದನ್ನು ಹುಡುಗನಿಗೆ ಹೇಳಿದೆ. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವ ಜಾತಿಯವನಲ್ಲ ಅವನು. ಸ್ವಲ್ಪ ಹೊತ್ತು ಗುಡಿಯ ಕಡೆ ನೋಡಿ, “ಹಾಗಾದರೆ ಇಲ್ಲಿಗೆ ಮುಗಿಸೋಣ ಸಾರ್” ಎಂದ. ಅಂದಿನಿಂದ ನಮ್ಮ ಮಾರ್ಗ ಅಲ್ಲಿ ಮುಗಿಯುತ್ತದೆ. ಗುಡಿಯ ಹೊರಗೆ ಎಳನೀರೋ ಚಹವೋ ಸಿಕ್ಕಿದ್ದನ್ನು ಕುಡಿದು, ಬ್ರೇಕಿನ ತಂತಿಯನ್ನೂ ಟೈರಿನ ಗಾಳಿಯನ್ನೂ ನೋಡಿಕೊಂಡು, ಮನೆಗೆ ಹೊರಡುತ್ತೇವೆ. ಹಿಂದಿರುಗುವುದು ಲಾರಿಗಳು ಓಡುವ ರಸ್ತೆಯ ಅಂಚಿನಲ್ಲಿಯೇ. ಅದಕ್ಕೆ ಪರಿಹಾರ ಕಂಡಿಲ್ಲ. ಆದರೆ ಆ ಭಾಗವನ್ನು ಈಗ ಮಾರ್ಗವೆಂದು ಎಣಿಸುವುದಿಲ್ಲ, ಮನೆಗೆ ಹೋಗುವುದು ಎಂದು ಎಣಿಸುತ್ತೇವೆ. ಮನೆಗೆ ಹೋಗುವಾಗ ಯಾರೂ ಪಂದ್ಯ ಕಟ್ಟುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಮಾತಿಲ್ಲದೆ ಹೋಗುತ್ತೇವೆ.

ಇದೇ ಅತ್ಯುತ್ತಮವಾದ ಮುಕ್ತಾಯವೆಂದು ನಾನು ಸಾಧಿಸುವುದಿಲ್ಲ. ದೂರ ಹೆಚ್ಚು, ಹೊತ್ತು ಹೆಚ್ಚು. ಭಾನುವಾರದ ತಿಂಡಿ ಆರಿಹೋಗುತ್ತದೆಂದು ಮನೆಯವರ ದೂರೂ ಇದೆ. ಇದಕ್ಕಿಂತ ರುಚಿಕರವಾದ ದಾರಿಯನ್ನು ಬಲ್ಲವರು ಇರಬಹುದು. ಅಂಥವರನ್ನು ನಾನು ಕೇಳುವ ಪ್ರಶ್ನೆ ಒಂದೇ: ಆ ದಾರಿಯಲ್ಲಿ ನಿಮಗಿಂತ ಮೊದಲು ಹೊರಟವರು ಯಾರಾದರೂ ಇದ್ದಾರೆಯೆ, ಅವರನ್ನು ಕೇಳಿದಿರಾ? ನಮಗೆ ಆ ಪ್ರಶ್ನೆ ಹೊಳೆಯುವುದಕ್ಕೆ ಒಂದು ತಟ್ಟೆ ಕುಂಕುಮ ಚೆಲ್ಲಬೇಕಾಯಿತು. ಆ ತಾಯಿ ಮತ್ತೆ ಬಂದು ಹರಕೆ ತೀರಿಸಿದರೋ ಇಲ್ಲವೋ, ಮಂಡಿ ಒಪ್ಪಿತೋ ಇಲ್ಲವೋ. ಭಾನುವಾರಗಳಲ್ಲಿ ಪಾದದ ಕಡೆ ನೋಡುವುದು ಅಭ್ಯಾಸವಾಗಿದೆ.

ಹೋದ ವಾರ ಹೊಸಬನೊಬ್ಬ ಸೇರಿದ. ಮಹಿಷಾಸುರನ ಎದುರು ಬೆವರು ಒರೆಸಿಕೊಳ್ಳುತ್ತ, ಮೆಟ್ಟಿಲುಗಳ ಕಡೆ ಕೈತೋರಿ, “ಹೀಗೆ ಇಳಿದರೆ ಹತ್ತು ನಿಮಿಷ ಉಳಿಯುತ್ತದಲ್ಲವೆ?” ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ವಿದ್ಯಾರ್ಥಿ, “ಉಳಿಯುತ್ತದೆ” ಎಂದ. ಫೋನಿನ ಎಣಿಕೆ ನಿಲ್ಲಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಸೈಕಲ್ಲನ್ನು ಉತ್ತನಹಳ್ಳಿಯ ಕಡೆಗೆ ತಿರುಗಿಸಿದ.